ನಿಂತ ಓದು ಮತ್ತೆ ಸಾಗಲಿ



ತಾಯಿ ಹಾಸಿಗೆ ಹಿಡಿದರೆ ಮನೆಯಲ್ಲಿ ಮೊದಲು ನಿಲ್ಲುವುದು ಮಗಳ ಓದು. ಚನ್ನಗಿರಿಯ ಅಡಿಕೆ ತೋಟದ ಮನೆಯಿರಲಿ, ಜಗಳೂರಿನ ಬಯಲುಸೀಮೆಯ ಮನೆಯಿರಲಿ, ಹೊನ್ನಾಳಿ, ನ್ಯಾಮತಿಗಳಿರಲಿ, ಕಥೆ ಒಂದೇ. ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆಯಲು ಧೈರ್ಯ ಬರುವುದಿಲ್ಲ. ಅಂಥವರು ಫರ್ಡಿನಾಂಡ್ ಕಿಟೆಲರ ಬಾಳನ್ನೊಮ್ಮೆ ನೋಡಬೇಕು.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಕಿಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡ ನಾಡಿಗೆ ಬಂದರು. ಅವರು ನಮ್ಮ ಸಭೆಯವರಲ್ಲ, ನಿಜ. ಆದರೆ ಇತರ ಕ್ರೈಸ್ತ ಸಹೋದರರಲ್ಲಿರುವ ಒಳಿತನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ನಮಗೆ ಕಲಿಸಿದೆ.

1864ರಲ್ಲಿ ಅವರ ಪತ್ನಿ ಪೌಲಿನಾ ತೀರಿಕೊಂಡರು. ಪರದೇಶದಲ್ಲಿ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಮುಂದೆ ಪೌಲಿನಾರ ತಂಗಿ ಜೂಲಿ ಅವರ ಕೈಹಿಡಿದು ಸಂಸಾರದ ಹೊಣೆ ಹೊತ್ತರು. ಕಿಟೆಲರು ಮತ್ತೆ ಓದಿಗೆ ಕುಳಿತರು. 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದನೆಯಲ್ಲಿ ಅಚ್ಚಾದವು.

ಆದರೆ ದೇಹ ಸಹಕರಿಸಲಿಲ್ಲ. 1877ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಅಲ್ಲಿಗೇ ಮುಗಿಯಿತೆಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿನ ಕೆಲಸಕ್ಕಾಗಿ ಮತ್ತೆ ಹಡಗು ಹತ್ತಿದರು. ಹಳೆಯ ಕಾವ್ಯಗಳ ಪದಗಳ ಜೊತೆಗೆ ಜನರ ಬಾಯಿಯ ಮಾತು, ಗಾದೆಗಳನ್ನೂ ಕೂಡಿಸಿದರು. ಕಣ್ಣು ಮಂಜಾಯಿತು, ಆರೋಗ್ಯ ಕೆಟ್ಟಿತು. 1892ರಲ್ಲಿ ಊರಿಗೆ ಹಿಂದಿರುಗಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಆಗಲೂ ಲೇಖನಿ ಕೆಳಗಿಡಲಿಲ್ಲ. ಅವರ ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು.

ಗಮನಿಸಿರಿ, ಅವರ ಕೆಲಸ ಒಂದೇ ಸಮನೆ ಸಾಗಲಿಲ್ಲ. ನಿಂತಿತು, ಮತ್ತೆ ಹೊರಟಿತು. ನಿಲ್ಲುವುದು ಪಾಪವಲ್ಲ. ರೋಗಿಯ ಸೇವೆಗಾಗಿ ನಿಂತ ಓದು ದೇವರ ಲೆಕ್ಕದಲ್ಲಿ ನಷ್ಟವೂ ಅಲ್ಲ. ಆದರೆ ಆ ಸೇವೆಯ ಭಾರವನ್ನೆಲ್ಲ ಒಬ್ಬಳ ಹೆಗಲಿಗೇ ಹೊರಿಸಿ, ಅವಳ ಶಿಲುಬೆ ಅದು ಎಂದು ಉಳಿದವರು ಕೈತೊಳೆದುಕೊಳ್ಳುವುದು ಅನ್ಯಾಯ. ಶಿಲುಬೆ ಹೊರಲು ಯೇಸುಸ್ವಾಮಿಗೂ ಸಿರೇನ್ಯದ ಸಿಮೋನನ ಹೆಗಲು ಬೇಕಾಯಿತು.

ತಂದೆತಾಯಿಗಳೇ, ಇಂದು ಸಂಜೆ ಜಪಸರ ಮುಗಿದ ಮೇಲೆ ಕೇಳಿ ನೋಡಿರಿ: ನಮ್ಮ ಮನೆಯಲ್ಲಿ ಯಾರ ಪುಸ್ತಕ ಮುಚ್ಚಿದೆ? ಅದನ್ನು ತೆರೆಯಲು ನಾವು ಯಾವ ಕೆಲಸ ಹಂಚಿಕೊಳ್ಳಬಹುದು?