ಹರಿಹರದವರೆಗೆ ಹಳಿ ಹಾಸಿಸಿದ ದಿವಾನ ಶೇಷಾದ್ರಿ ಅಯ್ಯರ್

ಕೈಯಲ್ಲಿ ಬಂಡವಾಳವಿಲ್ಲದ ನಾಡು ದೊಡ್ಡ ಕಾಮಗಾರಿಯನ್ನು ಹೊರಗಿನ ಕಂಪೆನಿಗೆ ಒಪ್ಪಿಸಿದರೆ ನಷ್ಟದ ಹೊಣೆ ಯಾರದು? ಇದು ಇಂದಿನ ಜಾಗತಿಕ ಟೆಂಡರುಗಳ ಕಾಲದ ಪ್ರಶ್ನೆ ಮಾತ್ರವಲ್ಲ. 19ನೇ ಶತಮಾನದಲ್ಲಿಯೇ ದಾವಣಗೆರೆ, ಹರಿಹರದ ರೈಲು ಮಾರ್ಗಕ್ಕಾಗಿ ಮೈಸೂರು ಸಂಸ್ಥಾನ ಇದನ್ನು ಎದುರಿಸಿತ್ತು. ಆಗ ಆಡಳಿತದ ಚುಕ್ಕಾಣಿ ಹಿಡಿದಿದ್ದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್.

1845ರ ಜೂನ್ 1ರಂದು ಪಾಲಕ್ಕಾಡ್ ಸೀಮೆಯಲ್ಲಿ ಜನಿಸಿದ ಅವರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1868ರಲ್ಲಿ ಮೈಸೂರಿನ ಸರ್ಕಾರಿ ಸೇವೆಗೆ ಸೇರಿದರು. 1883ರಲ್ಲಿ ರಂಗಾಚಾರ್ಲು ನಿಧನರಾದಾಗ ದಿವಾನಗಿರಿ ಇವರಿಗೆ ಒಲಿಯಿತು. 1876-78ರ ಭೀಕರ ಕ್ಷಾಮದಿಂದ ಸಂಸ್ಥಾನದ ಬೊಕ್ಕಸ ಬರಿದಾಗಿತ್ತು. ತಲೆಯ ಮೇಲೆ ಸಾಲದ ಹೊರೆಯಿತ್ತು. ರೈಲಿದ್ದರೆ ಮಾತ್ರ ಕ್ಷಾಮದಲ್ಲಿ ಧಾನ್ಯ ಹಳ್ಳಿಗಳಿಗೆ ತಲುಪೀತು ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು.

ಬೆಂಗಳೂರಿನಿಂದ ತುಮಕೂರು ಮಾರ್ಗವಾಗಿ ಗುಬ್ಬಿಯವರೆಗಿನ ಹಳಿಯನ್ನು ಸಂಸ್ಥಾನವೇ ಹಾಕಿಸಿತ್ತು. ಮುಂದಿನ ಕಾಮಗಾರಿಗೆ ಹಣ ಸಾಲದಾಯಿತು. 1886ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪೆನಿಯೊಡನೆ ಒಪ್ಪಂದವಾಯಿತು. ಕಂಪೆನಿ ಇಂಗ್ಲೆಂಡಿನಲ್ಲಿ ಸುಮಾರು 12 ಲಕ್ಷ ಪೌಂಡ್ ಬಂಡವಾಳ ಎತ್ತಬೇಕು, ಹರಿಹರದವರೆಗೆ ಹಳಿ ಪೂರೈಸಬೇಕು. ಬದಲಿಗೆ ಮಾರ್ಗದ ನಿರ್ವಹಣೆ ಅದರ ಕೈಗೆ. ಬಂಡವಾಳದ ಬಡ್ಡಿಯ ಹೊರೆ ಮಾತ್ರ ಸಂಸ್ಥಾನದ ಮೇಲೆಯೇ ಬಿತ್ತು. 1889ರಲ್ಲಿ ದಾವಣಗೆರೆಯನ್ನು ಹಾದು ತುಂಗಭದ್ರೆಯ ದಡದ ಹರಿಹರಕ್ಕೆ ರೈಲು ಬಂದಿತು. ಮೈಸೂರು ಸೀಮೆ ಬೊಂಬಾಯಿ ಪ್ರಾಂತ್ಯದೊಡನೆ ಬೆಸೆಯಿತು. ಲಾಭ ಬರಲಿ ಬಿಡಲಿ ಬಡ್ಡಿ ತೆರಬೇಕಾದ ಈ ವ್ಯವಸ್ಥೆ ಅಗ್ಗದ್ದಾಗಿರಲಿಲ್ಲ. ಮಾರ್ಗ ಮತ್ತೆ ಸಂಸ್ಥಾನದ ನಿರ್ವಹಣೆಗೆ ಬರಲು ದಶಕಗಳೇ ಹಿಡಿದವು. ಆದರೆ ಹತ್ತಿಯ ಪೇಟೆಯಾಗಿ ದಾವಣಗೆರೆ, ಕೈಗಾರಿಕಾ ಪಟ್ಟಣವಾಗಿ ಹರಿಹರ ಮುಂದೆ ಬೆಳೆದದ್ದು ಇದೇ ಹಳಿಯ ಆಸರೆಯಲ್ಲಿ.

ಶಿವನಸಮುದ್ರದ ವಿದ್ಯುತ್ ಯೋಜನೆಯಲ್ಲಿ ದಿವಾನರು ಬೇರೆ ದಾರಿ ಹಿಡಿದರು. ಒಡೆತನವನ್ನು ಸರ್ಕಾರದಲ್ಲಿಯೇ ಉಳಿಸಿಕೊಂಡು, ಯಂತ್ರೋಪಕರಣಗಳನ್ನಷ್ಟೇ ಹೊರಗಿನಿಂದ ಕೊಳ್ಳಲಾಯಿತು. ಎಂಜಿನಿಯರ್ ಜೋಲಿ ಡಿ ಲಾಟ್ಬಿನೇರ್ ಯೂರೋಪು, ಅಮೆರಿಕಗಳಿಗೆ ಹೋಗಿ ಮಾತುಕತೆ ನಡೆಸಿದರು. ವಿದ್ಯುತ್ ಯಂತ್ರಗಳ ಗುತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಗೆ, ಟರ್ಬೈನುಗಳದ್ದು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪೆನಿಗೆ ಸಂದಿತು. ಉತ್ಪಾದನೆಯಾಗುವ ವಿದ್ಯುತ್ತಿಗೆ ಕೋಲಾರದ ಚಿನ್ನದ ಗಣಿಗಳೆಂಬ ಖಚಿತ ಗಿರಾಕಿಯಿತ್ತು.

1902ರಲ್ಲಿ ಸುಮಾರು 147 ಕಿ.ಮೀ. ದೂರದ ಗಣಿಗಳಿಗೆ ವಿದ್ಯುತ್ ಹರಿದಾಗ ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಸುಮಾರು 18 ವರ್ಷ ದಿವಾನರಾಗಿದ್ದ ಅವರು 1901ರ ಸೆಪ್ಟೆಂಬರ್ 13ರಂದು ಕಾಲವಾಗಿದ್ದರು. ಬೆಂಗಳೂರಿನ ಶೇಷಾದ್ರಿಪುರಂ, ಕಬ್ಬನ್ ಪಾರ್ಕಿನ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿವೆ. ಮಧ್ಯ ಕರ್ನಾಟಕದಲ್ಲಿ ಅವರ ಕಾಲದ ಗುರುತಾಗಿ ಉಳಿದಿರುವುದು ಹರಿಹರದ ರೈಲು ಮಾರ್ಗ.