ನೀಲಿ ಹಾಳೆಯಲ್ಲಿ ಉಳಿದ ದುಡಿಮೆ

ಸರ್ಕಾರಿ ಕಡತಗಳಲ್ಲೂ ಬಜೆಟ್ ಭಾಷಣಗಳಲ್ಲೂ ‘ನೀಲನಕ್ಷೆ’ ಎಂಬ ಮಾತು ಧಾರಾಳವಾಗಿ ಬಳಕೆಯಾಗುತ್ತದೆ. ಎಂಜಿನಿಯರುಗಳ ನಕ್ಷೆಗಳು ಒಂದು ಕಾಲದಲ್ಲಿ ನಿಜಕ್ಕೂ ನೀಲಿಯಾಗಿದ್ದವು ಎಂಬುದನ್ನು ನೆನೆಯುವವರು ಈಗ ಕಡಿಮೆ. ಆ ನೀಲಿಯ ಮೂಲ, ಖಗೋಳವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನ. ನಕ್ಷೆಗಳಿಗೆ ಅದು ಬಳಕೆಯಾಗುವುದಕ್ಕೆ ಎಷ್ಟೋ ಮೊದಲೇ ಅದನ್ನು ಪುಸ್ತಕದ ಪುಟಗಳಿಗೆ ತಂದವರು ಇಂಗ್ಲೆಂಡಿನ ಆನಾ ಅಟ್ಕಿನ್ಸ್.

ಆನಾ ಜನಿಸಿದ್ದು 1799ರಲ್ಲಿ, ಕೆಂಟ್ ಪ್ರಾಂತ್ಯದ ಟನ್‌ಬ್ರಿಡ್ಜ್‌ನಲ್ಲಿ. ಮರುವರ್ಷವೇ ತಾಯಿ ತೀರಿಕೊಂಡರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ, ರಾಯಲ್ ಸೊಸೈಟಿಯ ಸದಸ್ಯ. ಅಂದಿನ ಹೆಣ್ಣುಮಕ್ಕಳಿಗೆ ದುರ್ಲಭವಾಗಿದ್ದ ವಿಜ್ಞಾನದ ಅರಿವು ಮಗಳಿಗೆ ತಂದೆಯಿಂದಲೇ ದೊರೆಯಿತು. ಲಮಾರ್ಕ್ ಬರೆದ ಚಿಪ್ಪುಗಳ ಗ್ರಂಥವನ್ನು ತಂದೆ ಅನುವಾದಿಸಿದಾಗ ಅದಕ್ಕೆ 200ಕ್ಕೂ ಹೆಚ್ಚು ಚಿತ್ರಗಳನ್ನು ಬರೆದವರು ಆನಾ. 1825ರಲ್ಲಿ ವೆಸ್ಟ್ ಇಂಡೀಸ್ ವ್ಯಾಪಾರಿ ಜಾನ್ ಪೆಲ್ಲಿ ಅಟ್ಕಿನ್ಸ್ ಅವರೊಂದಿಗೆ ವಿವಾಹವಾಯಿತು. ಆ ವ್ಯಾಪಾರ ಬಹುಕಾಲ ಗುಲಾಮರ ದುಡಿಮೆಯನ್ನು ಅವಲಂಬಿಸಿತ್ತು. ಆನಾ ಅವರ ಬಿಡುವಿಗೆ ಇಂಥ ಸಂಪತ್ತಿನ ಆಸರೆಯಿತ್ತೆಂಬುದನ್ನು ಮರೆಯಲಾಗದು.

1841ರಲ್ಲಿ ವಿಲಿಯಂ ಹಾರ್ವೆ ಅವರು ಬ್ರಿಟನ್ನಿನ ಕಡಲಪಾಚಿಗಳ ಕೈಪಿಡಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಚಿತ್ರಗಳಿರಲಿಲ್ಲ. ಕೂದಲೆಳೆಯಷ್ಟು ಸೂಕ್ಷ್ಮವಾದ ಪಾಚಿಗಳನ್ನು ಕೈಯಿಂದ ನಿಖರವಾಗಿ ಚಿತ್ರಿಸುವುದು ಕಷ್ಟಸಾಧ್ಯ. ಕುಟುಂಬದ ಸ್ನೇಹಿತರಾಗಿದ್ದ ಹರ್ಷೆಲ್ ಅವರ ಹೊಸ ವಿಧಾನದಲ್ಲಿ ಆನಾ ಇದಕ್ಕೆ ಪರಿಹಾರ ಕಂಡರು.

ವಿಧಾನ ಸರಳವಾದದ್ದು. ಕಬ್ಬಿಣದ ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ ಪಾಚಿಯನ್ನು ಹರಡಿ, ಗಾಜಿನಿಂದ ಒತ್ತಿ, ಬಿಸಿಲಿಗಿಟ್ಟು, ಬಳಿಕ ನೀರಿನಲ್ಲಿ ತೊಳೆಯಬೇಕು. ಬಿಸಿಲು ತಾಕಿದ ಭಾಗ ಗಾಢ ನೀಲಿಯಾಗುತ್ತದೆ. ಪಾಚಿಯ ಮರೆಯಲ್ಲಿದ್ದ ಭಾಗ ಬಿಳಿಯಾಗಿ ಉಳಿಯುತ್ತದೆ. ಕ್ಯಾಮೆರಾ ಬೇಕಿಲ್ಲ.

1843ರಲ್ಲಿ ಅವರ ಕಡಲಪಾಚಿ ಗ್ರಂಥದ ಮೊದಲ ಕಂತು ಹೊರಬಂತು. ಛಾಯಾಚಿತ್ರಗಳುಳ್ಳ ಮೊದಲ ಪುಸ್ತಕವೆಂದು ಇತಿಹಾಸಕಾರರು ಪರಿಗಣಿಸುವುದು ಇದನ್ನೇ. ಟಾಲ್ಬಟ್ ಅವರ ಪ್ರಸಿದ್ಧ ‘ದಿ ಪೆನ್ಸಿಲ್ ಆಫ್ ನೇಚರ್’ ಬಂದದ್ದು ಮರುವರ್ಷ. ಹತ್ತು ವರ್ಷಗಳಲ್ಲಿ ಪುಟಗಳ ಸಂಖ್ಯೆ ಸುಮಾರು 400ಕ್ಕೆ ಏರಿತು. ಅಕ್ಷರಗಳನ್ನೂ ಕೈಯಲ್ಲಿ ಬರೆದು ಅದೇ ನೀಲಿಯಲ್ಲಿ ಮೂಡಿಸಲಾಯಿತು. ಪ್ರತಿ ಹಾಳೆಯನ್ನೂ ಬೇರೆ ಬೇರೆಯಾಗಿ ಬಿಸಿಲಿಗಿಡಬೇಕಿದ್ದುದರಿಂದ ಕೇವಲ ಹನ್ನೆರಡು ಪ್ರತಿಗಳೆಂದರೂ ಲೆಕ್ಕ ಐದು ಸಾವಿರ ಹಾಳೆಗಳ ಸಮೀಪಕ್ಕೆ ಬರುತ್ತದೆ. ಲಾಭದ ಗೊಡವೆಯಿಲ್ಲದೆ ಅವರು ಅವನ್ನು ಸ್ನೇಹಿತರಿಗೂ ವಿದ್ವತ್ ಸಂಸ್ಥೆಗಳಿಗೂ ಹಂಚಿದರು. 1852ರಲ್ಲಿ ತಂದೆ ತೀರಿಕೊಂಡ ಬಳಿಕ ಗೆಳತಿ ಆನ್ ಡಿಕ್ಸನ್ ಜೊತೆಗೂಡಿ ಜರೀಗಿಡಗಳ ಸಂಪುಟವನ್ನೂ ಸಿದ್ಧಪಡಿಸಿದರು.

ಇಷ್ಟಾದರೂ ಅವರ ಹೆಸರು ಕಳೆದುಹೋಗುವುದರಲ್ಲಿತ್ತು. ಪೀಠಿಕೆಯಲ್ಲಿ ಅವರು ಹಾಕಿದ್ದು ‘ಎ.ಎ.’ ಎಂಬ ಎರಡು ಅಕ್ಷರ ಮಾತ್ರ. 1871ರಲ್ಲಿ ಅವರು ನಿಧನರಾದ ನಂತರ ಸಂಗ್ರಾಹಕರೊಬ್ಬರು ಅದನ್ನು ಅನಾಮಧೇಯ ಹವ್ಯಾಸಿ ಎಂದೇ ಅರ್ಥೈಸಿದ್ದರು. 1839ರಲ್ಲೇ ಲಂಡನ್ನಿನ ಸಸ್ಯವಿಜ್ಞಾನ ಸಂಘ ಅವರನ್ನು ಸದಸ್ಯೆಯನ್ನಾಗಿ ಸ್ವೀಕರಿಸಿತ್ತು. ರಾಯಲ್ ಸೊಸೈಟಿ ಮಾತ್ರ ಮೊದಲ ಬಾರಿಗೆ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದ್ದು 1945ರಲ್ಲಿ. ತಂದೆಯ ಪ್ರೋತ್ಸಾಹ, ಹರ್ಷೆಲ್ ಅವರ ಸ್ನೇಹ ಇಲ್ಲದಿದ್ದರೆ ಆನಾ ಅವರಿಗೆ ವಿಜ್ಞಾನದ ಬಾಗಿಲು ತೆರೆಯುತ್ತಿತ್ತೇ? ಅಂಥ ಆಸರೆಯಿಲ್ಲದ ಪ್ರತಿಭಾವಂತೆಯರು ಎಷ್ಟು ಮಂದಿ ಇದ್ದರೋ, ಅವರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ.

ಇಂದಿನ ಕಲಾವಿದರು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರದ ನೆಗೆಟಿವನ್ನು ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿ, ಅದೇ ಲವಣಗಳನ್ನು ಬಳಿದ ಕಾಗದದ ಮೇಲಿಟ್ಟು ಬಿಸಿಲಿಗೊಡ್ಡುತ್ತಾರೆ. ಇದನ್ನು ಹಳೆಯದರ ವ್ಯಾಮೋಹವೆಂದು ತಳ್ಳಿಹಾಕುವಂತಿಲ್ಲ. ಆನಾ ಕೂಡ ತಮ್ಮ ಕಾಲದ ಅತ್ಯಂತ ಹೊಸ ತಂತ್ರವನ್ನೇ ಆರಿಸಿಕೊಂಡವರು. ಅದರೊಡನೆ ಹತ್ತು ವರ್ಷಗಳ ಕೈದುಡಿಮೆಯನ್ನು ಜೋಡಿಸಿದವರು. ಆ ದುಡಿಮೆಯ ಫಲವಾದ ನೀಲಿ ಹಾಳೆಗಳನ್ನು ಗ್ರಂಥಾಲಯಗಳು ಇಂದಿಗೂ ಜೋಪಾನವಾಗಿ ಕಾಯ್ದುಕೊಂಡಿವೆ.