ನಿಜಾಮರ ಫೋಟೋಗ್ರಾಫರ್ ಮತ್ತು ಫೋಟೋದಲ್ಲಿ ಇಲ್ಲದ ನಮ್ಮ ಊರುಗಳು

ಸೆಪ್ಟೆಂಬರ್ 17 ಹತ್ತಿರ ಬಂತಂದ್ರ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಹೈದರಾಬಾದಿನ ಫೋಟೋಗಳು ಓಡಾಡತಾವ. ಎತ್ತಿನ ಗಾಡಿ ನಿಂತ ಚಾರ್‌ಮಿನಾರ್ ರಸ್ತೆ, ಫಲಕ್‌ನುಮಾ ಅರಮನೆಯ ದಿವಾನಖಾನೆ, ಸತ್ತ ಹುಲಿಯ ಪಕ್ಕ ಬಂದೂಕು ಹಿಡಿದು ನಿಂತ ನಿಜಾಮ. ಒಬ್ಬರು ಹಾಕಿ ಎಂಥಾ ವೈಭವ ಅಂತಾರ. ಇನ್ನೊಬ್ಬರು ಅದರ ಕೆಳಗೇ ರಜಾಕಾರರ ಕಥಿ ತೆಗೀತಾರ. ರಾತ್ರಿತನಕ ಜಗಳ. ಆದರೆ ಆ ಫೋಟೋ ತೆಗೆದವರು ಯಾರು, ಯಾರ ದುಡ್ಡಿನಲ್ಲಿ ತೆಗೆದರು ಅಂತ ಒಬ್ಬರೂ ಕೇಳೋದಿಲ್ಲ.

ಅವುಗಳಲ್ಲಿ ಬಹಳಷ್ಟು ಬಂದಿರೋದು ಒಂದೇ ಸ್ಟುಡಿಯೋದಿಂದ. ರಾಜಾ ದೀನ್ ದಯಾಳ್ ಅವರ ಸ್ಟುಡಿಯೋ. ನಾನು ಕೊಡ್ಲಿ ಕಡೆಯವನು. ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲಾ ಆಗ ಹೈದರಾಬಾದ್ ಸಂಸ್ಥಾನದೊಳಗೇ ಇದ್ದವು. ನಮ್ಮ ಮುತ್ತಜ್ಜಂದಿರ ಕಾಲದ ಹೈದರಾಬಾದ್ ಹೇಗಿತ್ತು ಅನ್ನೋದಕ್ಕೆ ನಮಗೆ ಸಿಗುವ ಕಣ್ಣು ಈ ಮನುಷ್ಯನದು. ಹಾಗಾಗಿ ಅವರ ಬದುಕನ್ನು ಸ್ವಲ್ಪ ತಿಳಿದುಕೊಂಡೇ ಫಾರ್ವರ್ಡ್ ಮಾಡೋಣ ಅನಿಸಿತು.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದಲ್ಲಿ, ಒಂದು ಜೈನ ಕುಟುಂಬದಲ್ಲಿ. ರಾಜಮನೆತನದವರಲ್ಲ, 'ರಾಜಾ' ಅನ್ನೋದು ಆಮೇಲೆ ಸಿಕ್ಕ ಬಿರುದು. ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯ ಕಚೇರಿ ಸೇರಿದರು. ಎಸ್ಟಿಮೇಟ್ ಹಾಕೋದು, ನಕ್ಷೆ ಬರೆಯೋದು ಅವರ ಕೆಲಸ. ಕ್ಯಾಮೆರಾ ಕೈಗೆ ಬಂದಾಗ ಹೆಚ್ಚುಕಮ್ಮಿ ಮೂವತ್ತು ವರ್ಷ ವಯಸ್ಸು. ಇಂದೋರಿನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರ್ ಬೆನ್ನು ತಟ್ಟಿದರು, ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡೇಲಿ ಅವರ ಪರಿಚಯ ಮಾಡಿಸಿದರು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಅವರ ಫೋಟೋ ತೆಗೆಯುವ ಅವಕಾಶವೂ ಬಂತು. ಮುಂದೆ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಮಧ್ಯಭಾರತ ಸುತ್ತಿ ಗ್ವಾಲಿಯರ್, ಖಜುರಾಹೊ, ಸಾಂಚಿಗಳನ್ನು ಚಿತ್ರಿಸಿದರು. ಆ ಚಿತ್ರಗಳು 1886ರಲ್ಲಿ ಪುಸ್ತಕವಾಗಿ ಬಂದವು.

ಆಗ ಫೋಟೋ ತೆಗೆಯೋದು ಅಂದ್ರ ಒಂದು ಸಣ್ಣ ದಂಡಯಾತ್ರೆ, ನೋಡ್ರಿ. ಹಳೆಯ ವಿಧಾನದಲ್ಲಿ ಗಾಜಿನ ಹಲಗೆಗೆ ಅಲ್ಲೇ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆ ಗುಡಾರದೊಳಗೆ ತೊಳೆಯಬೇಕಿತ್ತು. ನಮ್ಮಂಥ ಬಿಸಿಲಿನ ಸೀಮೆಯಲ್ಲಿ ಅದು ಎಷ್ಟು ಬೇಗ ಒಣಗಿರಬೇಕು ಊಹಿಸಿ. 1880ರ ದಶಕದ ಹೊತ್ತಿಗೆ ಮೊದಲೇ ಬಳಿದಿಟ್ಟ ಒಣ ಹಲಗೆಗಳು ಬಂದು ಕಷ್ಟ ಕಡಿಮೆಯಾಯಿತು. ಆದರೂ ಗಾಜು ಗಾಜೇ. ಗಾಡಿ ಕುಲುಕಿ ಪೆಟ್ಟಿಗೆ ಬಿದ್ದರೆ ದುಡಿಮೆಯೆಲ್ಲ ಚೂರು. ಹಂಗಾಗಿ ಯಾವುದಕ್ಕೆ ಒಂದು ಹಲಗೆ ಖರ್ಚು ಮಾಡಬೇಕು ಅನ್ನೋದೇ ದೊಡ್ಡ ತೀರ್ಮಾನ. ಇವತ್ತು ನಾವು ಒಂದು ಮದುವೆಯಲ್ಲಿ ನಾನೂರು ಫೋಟೋ ಹೊಡೀತೀವಿ. ಅವತ್ತು ಒಂದೊಂದು ಚಿತ್ರದ ಹಿಂದೆಯೂ ಲೆಕ್ಕ ಇತ್ತು, ಬಿಲ್ ಕೊಡುವವನು ಇದ್ದ.

1880ರ ದಶಕದ ನಡುವಿನಲ್ಲಿ ಅವರು ಹೈದರಾಬಾದಿಗೆ ಬಂದರು. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಫೋಟೋಗ್ರಾಫರ್ ಆದರು, ಸರ್ಕಾರಿ ನೌಕರಿ ಬಿಟ್ಟರು, ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1894ರಲ್ಲಿ ನಿಜಾಮರು ಕೊಟ್ಟ ಬಿರುದು ರಾಜಾ ಬಹಾದುರ್ ಮುಸವ್ವಿರ್ ಜಂಗ್. ಮುಸವ್ವಿರ್ ಅಂದ್ರ ಚಿತ್ರಕಾರ, ಜಂಗ್ ಅಂದ್ರ ಯುದ್ಧ. ಫೋಟೋ ತೆಗೆಯುವವರಿಗೂ ಯುದ್ಧದ ಬಿರುದು ಕೊಟ್ಟ ದರ್ಬಾರು ಅದು. 1897ರಲ್ಲಿ ವಿಕ್ಟೋರಿಯಾ ರಾಣಿಯ ಕಡೆಯಿಂದಲೂ ನೇಮಕಪತ್ರ ಬಂತು.

ದರ್ಬಾರಿನ ಚಿತ್ರಗಳೇ ಹೆಚ್ಚು ಹೆಸರಾದವು. ನನಗೆ ಇಷ್ಟವಾಗೋದು ಅವರು ತೆಗೆದ ಶಹರದ ಚಿತ್ರಗಳು. ಚಾರ್‌ಮಿನಾರಿನ ಸುತ್ತಲಿನ ಅಂಗಡಿ ಸಾಲು, ಮಕ್ಕಾ ಮಸೀದಿ, ಮೂಸಿ ನದಿಯ ದಂಡೆ, ಹುಸೇನ್ ಸಾಗರದ ಏರಿ, ಗೋಲ್ಕೊಂಡದ ಕುತುಬ್‌ಶಾಹಿ ಗೋರಿಗಳು. ಕಟ್ಟಡ ಹಿಡಿಯುವಾಗ ಲೋಕೋಪಯೋಗಿ ಇಲಾಖೆಯ ಹಳೆಯ ಕಣ್ಣು ಎದ್ದು ಕಾಣುತ್ತದೆ. ಗೋಡೆ ನೆಟ್ಟಗೆ, ಕಮಾನು ಅಳತೆಗೆ ಸರಿಯಾಗಿ. ಆದರೆ ರಸ್ತೆ ಮೇಲಿನ ಮಂದಿ ಹಾಗೆ ನಿಲ್ಲುವವರಲ್ಲ. ನಡೆದುಹೋದವರು ಮಸುಕಾಗಿ, ಹೊಗೆಯ ಹಾಗೆ ಕಾಣುತ್ತಾರೆ. ನಿಂತವರು ಮಾತ್ರ ಸ್ಪಷ್ಟ. ಕೆಲಸಕ್ಕೆ ಓಡುತ್ತಿದ್ದವ ಅಳಿಸಿಹೋದ, ಸುಮ್ಮನೆ ನಿಂತು ಕ್ಯಾಮೆರಾ ನೋಡಿದವ ಉಳಿದ. 1908ರಲ್ಲಿ ಮೂಸಿ ಉಕ್ಕಿ ಶಹರದ ಎಷ್ಟೋ ಭಾಗ ಕೊಚ್ಚಿಹೋಯಿತು. ಅದಕ್ಕೂ ಮೊದಲಿನ ದಂಡೆ ನೋಡಬೇಕಂದ್ರ ಈಗ ಇಂಥ ಗಾಜಿನ ಹಲಗೆಗಳೇ ಗತಿ.

ಇನ್ನೊಂದು ಕೆಲಸಕ್ಕಾಗಿ ಅವರಿಗೆ ಕೈಮುಗಿಯಬೇಕು. ಪರದೆಯಲ್ಲಿರುವ ಹೆಣ್ಣುಮಕ್ಕಳು ಗಂಡಸಿನ ಕ್ಯಾಮೆರಾ ಮುಂದೆ ಬರುವಂತಿರಲಿಲ್ಲ. 1892ರಲ್ಲಿ ಅವರಿಗಾಗಿಯೇ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದು, ಅದನ್ನು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯ ಕೈಗೆ ಕೊಟ್ಟರು. ವ್ಯಾಪಾರದ ಬುದ್ಧಿ ಅನ್ನಬಹುದು. ಆದರೂ ಅಲ್ಲಿಗೆ ಹೋದ ಹೆಣ್ಣುಮಕ್ಕಳಿಗೆ ತಮ್ಮ ಮುಖ ಹೇಗೆ ಉಳಿಯಬೇಕು ಅಂತ ಒಂದಿಷ್ಟು ಆಯ್ಕೆ ಸಿಕ್ಕಿತಲ್ಲ.

ಈಗ ನಮ್ಮ ಊರಿನ ಮಾತಿಗೆ ಬರ್ತೀನಿ. 1896ರಲ್ಲಿ ದೀನ್ ದಯಾಳ್ ಮುಂಬಯಿಯಲ್ಲೂ ಸ್ಟುಡಿಯೋ ತೆರೆದರು. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ದಾರಿ 1874ರಲ್ಲೇ ಆಗಿತ್ತು. ಅಂದ್ರ ಅವರ ಎರಡು ಅಂಗಡಿಗಳ ನಡುವಿನ ರೈಲು ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರ ದಾಟಿ ವಾಡಿಗೆ ಬಂದು, ಶಹಾಬಾದಿನ ಮೇಲೆ ಮುಂಬಯಿ ಕಡೆ ಹೋಗುತ್ತಿತ್ತು. ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿ, ಜಿನಸೇನಾಚಾರ್ಯರು ಓಡಾಡಿದ ಜಾಗ. ಒಬ್ಬ ಜೈನ ಫೋಟೋಗ್ರಾಫರ್‌ಗೆ ಇದಕ್ಕಿಂತ ಹತ್ತಿರದ ಕಾರಣ ಏನು ಬೇಕು? ಆದರೂ ನಾನು ಈವರೆಗೆ ನೋಡಿದ ಅವರ ಚಿತ್ರಗಳಲ್ಲಿ ಮಳಖೇಡದ ಕೋಟೆ ಇಲ್ಲ. ಶಹಾಬಾದಿನ ಕಲ್ಲಿನ ಗಣಿ ಇಲ್ಲ. ಕಾಗಿಣಾ ದಂಡೆಯ ಒಂದು ಸಂತೆ ಇಲ್ಲ. ತೊಗರಿ ಹೊಲದಲ್ಲಿ ನಿಂತ ಒಬ್ಬ ರೈತ ಇಲ್ಲ.

ಅದಕ್ಕೆ ದೀನ್ ದಯಾಳರನ್ನೇ ಬೈಯೋದು ಸುಲಭ. ನಾನು ಬೈಯೋದಿಲ್ಲ. ಅವರು ಆರ್ಡರ್ ಮೇಲೆ ಬದುಕುವ ಕಸುಬುದಾರ. ಆರ್ಡರ್ ಕೊಡುತ್ತಿದ್ದವರು ನಿಜಾಮರು, ರೆಸಿಡೆಂಟ್ ಸಾಹೇಬರು, ಅಮೀರರು. ಫಲಕ್‌ನುಮಾವನ್ನೇ ತಗೊಳ್ರಿ. ಅದನ್ನು ಕಟ್ಟಿಸಿದ್ದು ಪಾಯಗಾ ಮನೆತನದ ವಿಕಾರ್-ಉಲ್-ಉಮ್ರಾ. ಪಾಯಗಾ ಅಮೀರರ ಜಾಗೀರುಗಳು ಗುಲ್ಬರ್ಗ, ಬೀದರ್ ಸೀಮೆಯಲ್ಲೂ ಹರಡಿದ್ದವು. ಜಾಗೀರಿನ ಹೊಲದಲ್ಲಿ ಬೆವರು ಸುರಿಸಿದವರ ಕಂದಾಯ ಶಹರಕ್ಕೆ ಹೋಗಿ ಅಮೃತಶಿಲೆಯಾಯಿತು. ಅಮೃತಶಿಲೆ ಫೋಟೋ ಆಯಿತು. ಹೊಲ ಆಗಲಿಲ್ಲ. ವೈಭವ ಅಂತ ಹಾಕುವವರು ಈ ಲೆಕ್ಕ ಬಿಡತಾರ. ಬೈಯುವವರು 1947–48ರ ರಜಾಕಾರರ ದೌರ್ಜನ್ಯವನ್ನು 1890ರ ಫೋಟೋಗೆ ಅಂಟಿಸಿ, ನಡುವಿನ ಅರ್ಧ ಶತಮಾನ ನುಂಗತಾರ. ಹಿಂದಿ ಸೀಮೆಯ ಜೈನನೊಬ್ಬ ಮುಸ್ಲಿಂ ಅರಸನ ಆಸ್ಥಾನದಲ್ಲಿ ಮೇಲೆ ಬಂದು, ಬ್ರಿಟಿಷರ ಬಿಲ್ಲನ್ನೂ ವಸೂಲಿ ಮಾಡಿದ ಕಥೆ ಈ ಇಬ್ಬರ ಜಗಳಕ್ಕೂ ಹೊಂದೋದಿಲ್ಲ.

ಬಡವರು ಅವರ ಕ್ಯಾಮೆರಾ ಮುಂದೆ ಬಂದೇ ಇಲ್ಲ ಅಂತಲೂ ಅಲ್ಲ. 1890ರ ದಶಕದ ಕೊನೆಯಲ್ಲಿ ದಖ್ಖನಿಗೆ ಎರಡು ಸಲ ಭೀಕರ ಬರ ಬಂತು, 1896–97ರಲ್ಲಿ ಮತ್ತು 1899–1900ರಲ್ಲಿ. ಆ ವರ್ಷಗಳಲ್ಲಿ ಅವರ ಸ್ಟುಡಿಯೋ ನಿಜಾಮ ಸರ್ಕಾರದ ಬರ ಪರಿಹಾರ, ಶಾಲೆ, ಆಸ್ಪತ್ರೆ, ಜೈಲುಗಳನ್ನು ಚಿತ್ರಿಸಿತು. ಸಾಲಾಗಿ ಕೂತ ಜನ, ಪಕ್ಕಕ್ಕೆ ಸರ್ಕಾರಿ ನೌಕರರು. ಇವು ಸರ್ಕಾರದ ಒಳ್ಳೆಯ ಕೆಲಸ ತೋರಿಸಲಿಕ್ಕೆ ತೆಗೆದವು, ಅದರಲ್ಲಿ ಗುಟ್ಟೇನಿಲ್ಲ. ಅದಕ್ಕೂ ಮೊದಲು 1876–78ರ ಬರದಲ್ಲಿ ಮದ್ರಾಸ್ ಸೀಮೆಯಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಎಲುಬು ಬಿಟ್ಟ ಜನರನ್ನು ಗುಂಪುಗುಂಪಾಗಿ ಕೂರಿಸಿ ಫೋಟೋ ತೆಗೆದು ಕೆಟ್ಟ ಹೆಸರು ಪಡೆದಿದ್ದ. ಹೂಪರ್ ಚಿತ್ರದಲ್ಲಿ ಹಸಿವು ಬತ್ತಲೆಯಾಗಿದೆ. ದೀನ್ ದಯಾಳ್ ಚಿತ್ರದಲ್ಲಿ ಹಸಿವು ಶಿಸ್ತಾಗಿ ಸಾಲಿನಲ್ಲಿ ಕೂತಿದೆ. ಯಾವುದು ಹೆಚ್ಚು ಸತ್ಯ ಅಂತ ಕೇಳಿದರೆ ನಾನು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡ್ರಿ ಅಂತೀನಿ. ಪರಿಹಾರದ ಕಿಟ್ ಕೊಡುವಾಗ ಶಾಸಕರ ಕೈ, ಹೆಣ್ಣುಮಗಳ ಕೈ, ನಡುವೆ ಚೀಲ, ಇಂಥ ಫೋಟೋ ನಾವೂ ಬೇಕಾದಷ್ಟು ನೋಡಿದ್ದೀವಲ್ಲ. ಅದರ ಅಜ್ಜ ಇಲ್ಲಿದ್ದಾನೆ.

ಕೊನೆಯ ವರ್ಷಗಳು ಅಷ್ಟು ಸುಖದವಲ್ಲ. 1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡ. 1905ರ ಜುಲೈನಲ್ಲಿ ದೀನ್ ದಯಾಳ್ ಮುಂಬಯಿಯಲ್ಲಿ ಸತ್ತರು. ಇನ್ನೊಬ್ಬ ಮಗ ಜ್ಞಾನ್ ಚಂದ್ ಅಂಗಡಿ ನಡೆಸಿದ. 1911ರಲ್ಲಿ ಮೆಹಬೂಬ್ ಅಲಿ ಖಾನರೂ ಹೋದ ಮೇಲೆ ಹಳೆಯ ಕಳೆ ಉಳಿಯಲಿಲ್ಲ. 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 2,857 ಗಾಜಿನ ಹಲಗೆಗಳನ್ನು ಕೊಂಡುಕೊಂಡಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಅವರ ಆಲ್ಬಂಗಳಿವೆ. 2006ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಚೀಟಿ ತಂದಿತು.

1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. 371(ಜೆ) ಬಂತು, ಹೆಸರು ಕಲ್ಯಾಣ ಕರ್ನಾಟಕ ಆಯಿತು. ನಾವು ಸೀಟು, ಹುದ್ದೆ, ಅನುದಾನದಲ್ಲಿ ಪಾಲು ಕೇಳ್ತೀವಿ, ಕೇಳಲೇಬೇಕು. ಸಂಸ್ಥಾನದ ಚಿತ್ರಗಳಲ್ಲೂ ನಮಗೆ ಪಾಲು ಇದೆ. ದಿಲ್ಲಿಯಲ್ಲಿರುವ ಆ ಹಲಗೆಗಳ ಡಿಜಿಟಲ್ ಪ್ರತಿ, ಕನ್ನಡದ ವಿವರಣೆಯ ಜೊತೆ, ಕಲಬುರಗಿಯಲ್ಲಿ ಒಂದು ಕಡೆ ಸಿಗುವಂತಾಗಬೇಕು. ಗುಲ್ಬರ್ಗ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ದುಡ್ಡಿದೆ. ಮತ್ತು ಆ ಪ್ರತಿಗಳ ಪಕ್ಕದಲ್ಲೇ ಇವತ್ತಿನ ಶಹಾಬಾದ್ ಗಣಿಯ ಕೂಲಿ, ವಾಡಿಯ ಸಿಮೆಂಟ್ ಧೂಳು, ಕೊಡ್ಲಿ ಸಂತೆ, ಸೇಡಂ ಸ್ಟೇಷನ್ನಿನ ಬೆಳಗಿನ ಗದ್ದಲ ಇವುಗಳ ಫೋಟೋ ಇಡಲಿಕ್ಕೂ ಜಾಗ ಬೇಕು. ಅವು ಈಗಾಗಲೇ ಈ ಕಡೆಯ ಹುಡುಗ ಹುಡುಗಿಯರ ಮೊಬೈಲಿನಲ್ಲಿವೆ. ತಾರೀಖು, ಊರು, ಫೋಟೋದಲ್ಲಿರುವವರು ಒಪ್ಪಿದರೆ ಅವರ ಹೆಸರು, ಇಷ್ಟು ಬರೆಯೋದು ಮಾತ್ರ ಬಾಕಿ ಅದ.